ನಲವತ್ತೊಂದನೆಯ ನಂಬರಿನ ಬಣ್ಣ

ಎಲ್ಡನ್ ಫ್ರಿಟ್ಸ್ ಮೂವತ್ತೆಂಟು ವರ್ಷ ಗೇರ್ ಕಾರ್ಖಾನೆಯಲ್ಲಿ ದುಡಿದವನು. ಬೇರೆಯವರು ಮಾಡಿದ ಹಲ್ಲುಚಕ್ರಗಳನ್ನು ಅಳೆದು ‘ಸರಿಯಿಲ್ಲ’ ಎನ್ನುವುದೇ ಅವನ ಕೆಲಸ. ನಿವೃತ್ತಿಯಾದ ಮೇಲೂ ಚಾಳಿ ಬಿಡಲಿಲ್ಲ. ಹೆಂಡತಿ ಲವೋನ್ ಕತ್ತರಿಸಿದ ಪೈ ತುಂಡುಗಳು ಒಂದೇ ಅಳತೆಗಿಲ್ಲ ಎಂದು ಒಮ್ಮೆ ಹೇಳಿ, ಆ ವಾರವಿಡೀ ತಣ್ಣಗಿನ ಬೀನ್ಸ್ ತಿಂದ.

ಇಂಡಿಯಾನಾದ ಆ ಊರಿನಲ್ಲಿ ಕೆಲಸ ಬಿಟ್ಟ ಗಂಡಸರಿಗೆ ಎರಡೇ ದಾರಿ, ಮೀನು ಇಲ್ಲವೇ ಮಿಜೆಟ್. ಮಿಜೆಟ್ ಎಂದರೆ ಗಿಡ್ಡ ರೇಸ್ ಕಾರು. ಸ್ನಾನದ ತೊಟ್ಟಿಗೆ ಚಕ್ರ ಹಾಕಿದಷ್ಟೇ ದೊಡ್ಡದು. ಒಬ್ಬನೇ ಕೂರಬೇಕು, ತಾನಾಗಿ ಸ್ಟಾರ್ಟ್ ಆಗುವುದಿಲ್ಲ, ಹಿಂದಿನಿಂದ ಟ್ರಕ್ಕಿನಲ್ಲಿ ತಳ್ಳಬೇಕು. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಊರೂರ ಮಣ್ಣಿನ ಟ್ರ್ಯಾಕಿನಲ್ಲಿ ವಾರಕ್ಕೆ ಐದು ದಿನ ಓಡುತ್ತಿದ್ದವು. ಆಮೇಲೆ ಜನಕ್ಕೆ ಬೇಸರ ಬಂತು, ಕಾರುಗಳು ಕೋಳಿಗೂಡು ಸೇರಿದವು. ಅಲ್ಲಿಂದ ಅವನ್ನು ಎತ್ತಿ ತಂದು, ಹಿಂದೆ ಹೇಗಿದ್ದವೋ ಹಾಗೇ ಮಾಡಿ, ವರ್ಷಕ್ಕೆ ನಾಲ್ಕು ಸಲ ಓಡಿಸುವ ಮುದುಕರ ಸಂಘವೊಂದಿದೆ. ಎಲ್ಡನ್ ಅದರಲ್ಲಿ ಅತಿ ಶಿಸ್ತಿನ ಸದಸ್ಯ, ಅಂದರೆ ಯಾರೂ ಊಟಕ್ಕೆ ಪಕ್ಕದಲ್ಲಿ ಕೂರಿಸಿಕೊಳ್ಳದ ಸದಸ್ಯ.

ಮೂರು ಆಧಾರವಿಲ್ಲದೆ ಅವನು ಒಂದು ಸ್ಕ್ರೂ ಕೂಡ ಹಾಕುತ್ತಿರಲಿಲ್ಲ. ಪ್ರತಿ ಕಾರಿಗೂ ಒಂದು ಕಡತ, ಕಡತದಲ್ಲಿ ಭಾಗದ ಹೆಸರು, ಅದು ಹೇಗಿತ್ತು, ಹಾಗಿತ್ತೆನ್ನಲು ಆಧಾರವೇನು. ಆರು ಕಾರುಗಳನ್ನು ಹೀಗೇ ಬದುಕಿಸಿದ್ದ. ಏಳನೆಯದು ರಾಲಿ ಸ್ಟೌಡರ್ ಎಂಬವನು ಓಡಿಸುತ್ತಿದ್ದ ನಲವತ್ತೊಂದನೇ ನಂಬರು. ಅದಕ್ಕೆ ಒಂಬತ್ತು ವರ್ಷ ಹಿಡಿಯಿತು. ಎಲ್ಲಕ್ಕೂ ಆಧಾರ ಸಿಕ್ಕಿತು, ಬಣ್ಣವೊಂದಕ್ಕೆ ಮಾತ್ರ ಸಿಗಲಿಲ್ಲ. ಹಿಂದಿನ ಮಾಲೀಕ ಯಾರೋ ಪುಣ್ಯಾತ್ಮ ತಗಡನ್ನೆಲ್ಲ ಆಸಿಡ್ಡಿನಲ್ಲಿ ತೊಳೆದಿದ್ದ. ಫೋಟೋಗಳೆಲ್ಲ ಕಪ್ಪುಬಿಳುಪು, ಕಾರು ಕಪ್ಪಗೆ ಕಾಣುತ್ತಿತ್ತು. ಆ ಕಾಲದ ಫೋಟೋದಲ್ಲಿ ಕಪ್ಪಗೆ ಕಾಣುವ ಕಾರೆಂದರೆ ಕಡುಗೆಂಪೇ ಎಂದರು ಸಂಘದವರು. ಎಲ್ಡನ್ ಕಡುಗೆಂಪು ಬಳಿದ. ಹನ್ನೊಂದು ಕೋಟು, ಪ್ರತಿ ಕೋಟಿಗೂ ಉಜ್ಜುವಿಕೆ. ಮುಖ ನೋಡಿಕೊಂಡು ಗಡ್ಡ ಹೆರೆಯಬಹುದಾಗಿತ್ತು.

ಕಾರು ನೋಡಲು ರಾಲಿಯ ಮಗಳು ವಾನೆಟಾಳನ್ನು ಕರೆದರು. ಎಂಬತ್ತಮೂರು ವರ್ಷದ ಮುದುಕಿ. ಸಂಘದ ಅಧ್ಯಕ್ಷ ಡ್ವೇನ್ ಮೆಟ್ಸ್‌ಗರ್ ಹೊದಿಕೆ ಎಳೆದ. ಆಕೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ, ಕತ್ತು ಓರೆ ಮಾಡಿ ನೋಡಿದಳು.

“ಚೆನ್ನಾಗಿದೆ. ಯಾರ್ದು ಇದು?”

“ನಿಮ್ಮಪ್ಪಂದೇ ಅಮ್ಮಾ!” ಎಂದ ಡ್ವೇನ್.

“ನಮ್ಮಪ್ಪಂದು ಹಸಿರು ಕಣಯ್ಯಾ.”

ರೇಸಿನವರಿಗೆ ಅಪಶಕುನಗಳು ಮೂರು: ಕಡಲೆಕಾಯಿ, ಹೆಂಗಸು, ಹಸಿರು. ಕಾರು ನಿಲ್ಲಿಸುವ ಅಂಗಳದಲ್ಲಿ ಸಿಪ್ಪೆ ಸಹಿತ ಕಡಲೆಕಾಯಿ ತಿಂದವನನ್ನು ಒದ್ದು ಓಡಿಸುತ್ತಿದ್ದರು. ಹೆಂಗಸರನ್ನು ಬೇಲಿಯಾಚೆಯೇ ನಿಲ್ಲಿಸುತ್ತಿದ್ದರು. ಹಸಿರನ್ನಂತೂ ಬಾಯಲ್ಲಿ ಹೇಳುತ್ತಿರಲಿಲ್ಲ.

“ತಲೆ ಕೆಟ್ಟೋನು ಕೂಡ ಕಾರಿಗೆ ಹಸಿರು ಹಚ್ಚಲ್ಲ ಅಮ್ಮಾ,” ಎಂದು ನಕ್ಕ ಡ್ವೇನ್. “ನಿಮಗೆ ಮರೆತಿರಬೇಕು.”

“ನನಗೆ ಕಣ್ಣು ಮಂಜಾಗಿದೆ, ತಲೆ ಅಲ್ಲ. ನಮ್ಮಮ್ಮಂಗೂ ಹೀಗೇ ಆಗಿತ್ತು. ಒಳಗೆ ಬಿಡ್ತಿರಲಿಲ್ಲವಲ್ಲ ನೀವು ಮಹಾನುಭಾವರು, ಮೇಲೆ ಜನ ಕೂರೋ ಮೆಟ್ಟಿಲಲ್ಲಿ ನಿಂತು ನೋಡಬೇಕಿತ್ತು. ಆ ಧೂಳಲ್ಲಿ ಕೆಂಪು, ಕಪ್ಪು, ನೀಲಿ, ಎಲ್ಲ ಒಂದೇ ಥರ ಕಾಣ್ತಿತ್ತು ಅವಳಿಗೆ. ಗಂಡ ಓಡ್ತಿದಾನೋ ಬಿದ್ದಿದಾನೋ ತಿಳೀತಿರಲಿಲ್ಲ. ಯಾರೂ ಹಚ್ಚದ ಬಣ್ಣ ಯಾವುದು ಅಂತ ನೋಡಿ ಅಪ್ಪ ಅದನ್ನೇ ಹಚ್ಚಿದ. ಎಲ್ಲರ ಹತ್ರ ಬೈಸ್ಕೊಂಡ.”

“ಐವತ್ತೆರಡನೇ ಇಸವೀಲಿ ಹೆದರಿ ರೇಸು ಬಿಟ್ಟ ಅಂತಾರಲ್ಲ?” ಡ್ವೇನನ ಬಾಯಿಗೆ ಬೀಗವಿಲ್ಲ.

“ಐವತ್ತೆರಡರಲ್ಲಿ ಅಮ್ಮಂಗೆ ಹಸಿರೂ ಕಾಣದೇ ಹೋಯ್ತು. ಮುಂದಿನ ವಾರವೇ ಕಾರು ಮಾರಿದ.”

ಆಮೇಲೆ ಆಕೆ ಎಲ್ಡನ್ ಕಡೆ ತಿರುಗಿದಳು. ಕಣ್ಣು ಕಾಣುವುದು ಚಳಿಗಾಲದವರೆಗೆ ಅಷ್ಟೇ ಎಂದು ಡಾಕ್ಟರು ಹೇಳಿದ್ದಾರೆ, ಅಷ್ಟರೊಳಗೆ ಆ ಕಾರನ್ನು ಆ ಮೆಟ್ಟಿಲ ಮೇಲಿಂದ ಒಂದು ಸಲ ನೋಡಬೇಕೆಂದಿದ್ದೆ ಎಂದಳು. “ಇರಲಿ ಬಿಡಪ್ಪಾ. ಕೆಂಪೂ ಚೆನ್ನಾಗೇ ಇದೆ,” ಎಂದು ಕಾಫಿ ಕುಡಿದು ಹೊರಟುಹೋದಳು.

ಎಲ್ಡನ್ ಒಂದು ವಾರ ಕಾರಿನ ಕೆಳಗೇ ಬಿದ್ದಿದ್ದ. ಒಂದೊಂದೇ ರಿವೆಟ್ಟು ಕಿತ್ತು, ಭೂತಗನ್ನಡಿ ಹಿಡಿದು ಹುಡುಕಿದ. ಹಸಿರಿನ ಚೂರೂ ಸಿಗಲಿಲ್ಲ. ಕೆಂಪಿನದೂ ಸಿಗಲಿಲ್ಲ. ಆಧಾರವಿಲ್ಲದ ಕೆಂಪನ್ನು ಹನ್ನೊಂದು ಕೋಟು ಬಳಿದದ್ದು ಆಗ ಅವನನ್ನು ನಿಜಕ್ಕೂ ಚುಚ್ಚಿತು. ಹಸಿರು ಇರಲಾರದು ಎಂಬುದನ್ನು ಎಲ್ಲರಂತೆ ತಾನೂ ಅಳೆಯದೆ ಒಪ್ಪಿಕೊಂಡಿದ್ದ.

“ಒಂದೇ ಒಂದು ಆಧಾರ ಲವೋನ್. ಅದೂ ಬಾಯಿಮಾತು,” ಎಂದ ಊಟದ ಹೊತ್ತಿಗೆ.

“ನಮ್ಮ ಮದುವೆಗೆ ನಿನ್ನ ಹತ್ರ ಎಷ್ಟು ಆಧಾರ ಇತ್ತೋ?” ಎಂದಳು ಲವೋನ್.

ಮಾರನೇ ಬೆಳಗ್ಗೆ ವಾನೆಟಾಳಿಗೆ ಫೋನು ಮಾಡಿದ. “ಯಾವ ಹಸಿರು?”

“ಮೆಥಡಿಸ್ಟರ ಚರ್ಚಿನ ಕಿಟಕಿ ಬಾಗಿಲಿಂದು. ಅಲ್ಲಿ ಮಿಕ್ಕಿದ ಡಬ್ಬಿನೇ ಅಪ್ಪ ತಂದಿದ್ದು.”

ಆ ಬಾಗಿಲುಗಳು ಈಗ ಬಿಳಿ. ಎಲ್ಡನ್ ಹೇಳದೆ ಕೇಳದೆ ಹೋಗಿ ಚಾಕುವಿನಿಂದ ಒಂದನ್ನು ಹೆರೆದ. ಐದು ಪದರ ಬಿಳಿಯ ಕೆಳಗೆ ಕಡುಹಸಿರು ಬಂತು, ಹಿಂದಿನಿಂದ ಪಾದ್ರಿಯೂ ಬಂದ. ಇಡೀ ಚರ್ಚಿನ ಕಿಟಕಿಗಳಿಗೆ ಬಣ್ಣ ಹೊಡೆಯುವ ಮಾತು ಕೊಟ್ಟು ಎಲ್ಡನ್ ಬಿಡಿಸಿಕೊಂಡ. ಹನ್ನೊಂದು ಕೋಟು ಕೆರೆದು ತೆಗೆಯಲು ಹದಿನೇಳು ದಿನ ಹಿಡಿಯಿತು. ಕಡತದಲ್ಲಿ ಬರೆದ: ‘ಬಣ್ಣ ಹಸಿರು. ಆಧಾರ: ಮಗಳು.’

ಸೆಪ್ಟೆಂಬರಿನ ಕೂಟಕ್ಕೆ ಹಸಿರು ಕಾರು ಟ್ರೇಲರಿನಿಂದ ಇಳಿದಾಗ ಸುತ್ತಲಿನವರು ತಮ್ಮ ಕಾರುಗಳನ್ನು ಸದ್ದಿಲ್ಲದೆ ಆಚೆ ಸರಿಸಿದರು. ತಳ್ಳುವ ಟ್ರಕ್ಕಿಗೆ ಅದೇ ಹೊತ್ತಿಗೆ ಏನೋ ರೋಗ ಬಂತು. ಎಲ್ಡನ್ ಜೊತೆ ಅವನ ಗುಂಪಿನಲ್ಲಿ ಓಡಬೇಕಾದ ಏಳು ಜನರಲ್ಲಿ ಐವರಿಗೆ ಸೊಂಟ ಹಿಡಿಯಿತು. ಉಳಿದಿಬ್ಬರಲ್ಲಿ ಒಬ್ಬನಿಗೆ ಕಿವಿ ಕೇಳಿಸದು, ಹಸಿರಿನ ಗುಲ್ಲೇ ಮುಟ್ಟಿರಲಿಲ್ಲ. ಇನ್ನೊಬ್ಬ ಪಕ್ಕದ ರಾಜ್ಯ ಇಲಿನಾಯ್‌ನವನು, ಈ ಊರಿನವರ ಮಾತು ಕೇಳುವವನಲ್ಲ.

“ನಿನಗೇನಾದ್ರೂ ಆದ್ರೆ ನನ್ನ ಕೇಳಬೇಡ,” ಎಂದ ಡ್ವೇನ್. “ಎಂಟೇ ಸುತ್ತು. ಬಾವುಟ ಬಿದ್ದ ತಕ್ಷಣ ಒಳಗೆ.”

“ಸರಿ,” ಎಂದ ಎಲ್ಡನ್. ಬದುಕಿನಲ್ಲಿ ಒಮ್ಮೆಯೂ ನಿಯಮ ಮುರಿದವನಲ್ಲ.

ಲವೋನ್ ತನ್ನ ಪಿಕಪ್ಪಿನಲ್ಲೇ ಹಿಂದಿನಿಂದ ತಳ್ಳಿದಳು. ಇಂಜಿನ್ನು ಕೆಮ್ಮಿ, ಪೆಟ್ರೋಲಿನ ಬದಲು ಸುರಿದ ಸ್ಪಿರಿಟ್ಟಿನ ಖಾರ ಹೊಗೆ ಕಾರಿ, ಸ್ಟಾರ್ಟ್ ಆಯಿತು. ಮೂರು ಕಾರು ಹೊರಟವು. ಒಣ ಮಣ್ಣು, ಎರಡನೇ ಸುತ್ತಿಗೇ ಟ್ರ್ಯಾಕು ಕಾಣದಷ್ಟು ಧೂಳು. ಮೂರನೇ ಸುತ್ತಿನಲ್ಲಿ ಎಲ್ಡನ್ ಮೇಲೆ ನೋಡಿದ. ಎಲ್ಲರೂ ಕೂತಿದ್ದರು, ವಾನೆಟಾ ಒಬ್ಬಳು ನಿಂತಿದ್ದಳು. ಎರಡೂ ಕೈಯಲ್ಲಿ ಮುಂದಿನ ಕಂಬಿ ಹಿಡಿದು, ಕತ್ತು ಓರೆ ಮಾಡಿ, ಅವನು ಹೋದ ಕಡೆಗೇ ಮುಖ ತಿರುಗಿಸುತ್ತಿದ್ದಳು.

ಎಂಟನೇ ಸುತ್ತಿಗೆ ಬಾವುಟ ಬಿತ್ತು. ಉಳಿದಿಬ್ಬರು ಒಳಗೆ ಹೋದರು. ಎಲ್ಡನ್ ಮೇಲೆ ನೋಡಿದ, ಮುದುಕಿ ನಿಂತೇ ಇದ್ದಳು. ಇನ್ನೊಂದು ಸುತ್ತು ಹೋದ. ಆಗಲೂ ನಿಂತಿದ್ದಳು. ಇನ್ನೊಂದು ಹೋದ. ಹನ್ನೆರಡನೆಯದಕ್ಕೆ ಡ್ವೇನ್ ಬಾವುಟ ಕಸಿದುಕೊಂಡು ತಾನೇ ಬೀಸಿದ. ಹದಿನೈದಕ್ಕೆ ಟೋಪಿ ಬೀಸಿದ. ಹತ್ತೊಂಬತ್ತನೇ ಸುತ್ತಿನಲ್ಲಿ ಸ್ಪಿರಿಟ್ಟು ಮುಗಿದು, ಇಂಜಿನ್ನು ಸುಮ್ಮನಾಗಿ, ಕಾರು ಉರುಳುತ್ತ ಬಂದು ಮೆಟ್ಟಿಲುಗಳ ಎದುರೇ ನಿಂತಿತು. ಆಗ ಮುದುಕಿ ಕೂತಳು.

“ಬಾವುಟ ಕಾಣ್ಲಿಲ್ವೇನಯ್ಯಾ?” ಡ್ವೇನ್ ಓಡಿಬಂದ.

“ಕಾಣ್ತು.” ಎಲ್ಡನ್ ಇಳಿದು, ಅವನನ್ನು ದಾಟಿ, ಬೇಲಿಯ ಬಾಗಿಲು ತೆಗೆದು ಮೇಲೆ ಹತ್ತಿದ. ಕಣ್ಣ ಸುತ್ತ ಬಿಟ್ಟು ಮುಖವೆಲ್ಲ ಮಣ್ಣು.

“ನೀವು ಕೂರ್ಲೇ ಇಲ್ಲವಲ್ಲ ಅಮ್ಮಾ,” ಎಂದ. “ಅದಕ್ಕೇ ನಾನು ನಿಲ್ಲಿಸ್ಲಿಲ್ಲ.”

“ನೀನು ನಿಲ್ಲಿಸ್ಲಿಲ್ಲ ಅಂತ ನಾನು ಕೂರ್ಲಿಲ್ಲ,” ಎಂದಳು ವಾನೆಟಾ. “ಮನೆಯವರ ಕಾರು ಓಡ್ತಿರುವಾಗ ಹೆಂಗಸರು ಕೂರ್ತಾರೇನಪ್ಪಾ?” ಆಮೇಲೆ ಅವನ ತೋಳು ತಡವಿ ಹಿಡಿದುಕೊಂಡಳು. “ಹತ್ತೊಂಬತ್ತು ಸುತ್ತು. ಒಂದೂ ತಪ್ಪದ ಹಾಗೆ ಕಂಡೆ.”