ಹಾಕದ ಚೀಟಿಗೆ ಬಂದ ಕಡಲು

ನಮ್ಮ ಲ್ಯಾಬಿನ ಮೇಡಂ ಕೊರಳಲ್ಲಿ ಎರಡು ಕನ್ನಡಕ ತೂಗುತ್ತಿದ್ದವು. ದೂರದ್ದಕ್ಕೆ ಕಪ್ಪು ದಾರ, ಹತ್ತಿರದ್ದಕ್ಕೆ ಕೆಂಪು. ಎರಡಕ್ಕೂ ಒಂದೇ ಗಾಜು ಸಾಕಾಗುವ ಕನ್ನಡಕ ಸಿಗುತ್ತದೆ ಎಂದು ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. "ಒಂದು ಗಾಜು ಎರಡು ಕೆಲಸ ಮಾಡ್ತೈತಿ ಅಂದ್ರ, ಅದರಾಗ ಒಂದನ್ನ ಅರೆಬರೆ ಮಾಡ್ತಿರತೈತಿ," ಎನ್ನುವರು. ವರದಿ ತಂದವರ ಮುಖವನ್ನು ಮೊದಲು ಕಪ್ಪು ದಾರದ್ದರಲ್ಲಿ ನೋಡುವರು. ಆಮೇಲೆ ಕೆಂಪು ದಾರದ್ದನ್ನು ಏರಿಸಿ ವರದಿ ಓದುವರು. ಓದಿ ಮುಗಿಸಿ ಮತ್ತೆ ಕಪ್ಪನ್ನು ಏರಿಸಿ ಮುಖ ನೋಡಿದರೆಂದರೆ ಆ ಕೆಲಸವನ್ನು ಮೊದಲಿನಿಂದ ಮಾಡಬೇಕು ಎಂದೇ ಅರ್ಥ.

ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯ ಲ್ಯಾಬು ಅದು. ಹೊರಗಿನಿಂದ ಬರುವ ಪುಡಿ, ದ್ರಾವಣಗಳನ್ನು ಪರೀಕ್ಷಿಸಿ, ಮಾತ್ರೆಗೆ ಬಳಸಬಹುದೋ ಬೇಡವೋ ಎಂದು ಬರೆದುಕೊಡುವುದು ನಮ್ಮ ಕೆಲಸ. ಹದಿನಾಲ್ಕು ವರ್ಷ ನಾನು ಅವರ ಕೈಕೆಳಗೆ ದುಡಿದೆ. ಅವರು ಲಿಂಗಸುಗೂರು ಕಡೆಯವರು. ನಮ್ಮಪ್ಪ ತುಮಕೂರಿನವರು, ಇಲ್ಲಿನ ರಕ್ಷಣಾ ಘಟಕವೊಂದರಲ್ಲಿ ಕೆಲಸ ಸಿಕ್ಕಿ ಹೈದರಾಬಾದಿಗೆ ಬಂದವರು. ಇಡೀ ಲ್ಯಾಬಿನಲ್ಲಿ ಕನ್ನಡದವರು ಅಂದರೆ ನಾನು ಮತ್ತು ಮೇಡಂ. ಎಲ್ಲರೆದುರು ತೆಲುಗು, ಇಬ್ಬರೇ ಇದ್ದಾಗ ಕನ್ನಡ. ನನ್ನ ಕನ್ನಡದ ಮೇಲೂ ಅವರಿಗೆ ಗುಮಾನಿ. "ನೀ ಮಾತಾಡೋದು ಭಾಳ ನುಣ್ಣಗ ಐತಿ. ನುಣ್ಣಗ ಮಾತಾಡೋರು ಏನರ ಮುಚ್ಚಿಡ್ತಾರ," ಎಂದು ಮೊದಲ ವಾರವೇ ಹೇಳಿದ್ದರು.

ಅವರು ನಂಬದಿದ್ದ ಸಂಗತಿಗಳು ಬೇಕಾದಷ್ಟು. ದಿನವೂ ನಮ್ಮನ್ನು ಕರೆದೊಯ್ಯುವ ಕಂಪನಿ ಬಸ್ಸನ್ನು ಹತ್ತುವ ಮೊದಲು ನಂಬರ್ ಪ್ಲೇಟು ಓದುವರು. ತಾವೇ ಕಟ್ಟಿಕೊಂಡು ಬಂದ ಬುತ್ತಿಯನ್ನು ತೆರೆದು ಮೂಸಿ ನೋಡುವರು. ಸಹೋದ್ಯೋಗಿಯೊಬ್ಬ ಮದುವೆಯ ಕಾರ್ಡು ಕೊಟ್ಟಾಗ ಎಲ್ಲರೂ ಶುಭಾಶಯ ಹೇಳುತ್ತಿದ್ದರೆ ಇವರು ಕ್ಯಾಲೆಂಡರ್ ತೆಗೆದು, "ಈ ತಾರೀಖು ಗುರುವಾರ ಅಲ್ಲಪಾ, ಶುಕ್ರವಾರ," ಎಂದರು. ಕಾರ್ಡು ನಿಜಕ್ಕೂ ತಪ್ಪಾಗಿತ್ತು. ಅವನು ಪಾಪ ಮುನ್ನೂರು ಕಾರ್ಡುಗಳನ್ನು ಪೆನ್ನಿನಲ್ಲಿ ತಿದ್ದಿದ.

ಯಾಕೆ ಹೀಗೆ ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ. "ಮೊದಲನೇ ನೌಕರಿಯೊಳಗ ಒಬ್ಬರ ಮಾತು ನಂಬಿ ಒಂದು ಸಹಿ ಹಾಕಿದ್ದೆ," ಎಂದರು. ಅದಕ್ಕಿಂತ ಹೆಚ್ಚು ಎಂದೂ ಹೇಳಲಿಲ್ಲ. ಮದುವೆಯಾಗಿರಲಿಲ್ಲ. ಮಲಕ್‌ಪೇಟೆಯಲ್ಲಿ ಬಾಡಿಗೆ ಮನೆ, ಊರಲ್ಲಿ ಒಬ್ಬ ತಂಗಿ. ನನಗೆ ತಿಳಿದಿದ್ದು ಅಷ್ಟೇ.

ನಮಗೆ ಮಾತ್ರೆಯ ಪುಡಿ ಒದಗಿಸುವ ವ್ಯಾಪಾರಿಯೊಬ್ಬನಿದ್ದ. ಅವನ ಕಡೆಯ ಏಜೆಂಟು ಒಂದು ದಿನ ನನಗೆ ಫೋನ್ ಮಾಡಿದ. ಅವರ ಲಕ್ಕಿ ಡ್ರಾದಲ್ಲಿ ನನ್ನ ಹೆಸರು ಬಂದಿದೆಯಂತೆ. ಮೂವರ ಕುಟುಂಬಕ್ಕೆ ಐದು ದಿನದ ವಿದೇಶ ಪ್ರವಾಸ, ಕಡಲ ತೀರದಲ್ಲಿ. ಬಾಲಿ, ಫುಕೆಟ್, ಮಾಲ್ಡೀವ್ಸ್, ಶ್ರೀಲಂಕಾ, ಈ ನಾಲ್ಕರಲ್ಲಿ ಯಾವುದು ಬೇಕೋ ಆರಿಸಿಕೊಳ್ಳಿ ಎಂದ. ಮರುದಿನ ದಪ್ಪ ಹಾಳೆಯ ಬಣ್ಣದ ಪುಸ್ತಕವೊಂದು ದಿಲ್‌ಸುಖ್‌ನಗರದ ನಮ್ಮ ಮನೆಗೆ ಬಂತು.

ನನ್ನ ಒಂಬತ್ತು ವರ್ಷದ ಮಗಳು ಸಮುದ್ರವನ್ನೇ ಕಂಡವಳಲ್ಲ. ನನ್ನ ಗಂಡ ಮಾದಾಪುರದ ಕಚೇರಿಯಲ್ಲಿ ಲೆಕ್ಕಪತ್ರ ನೋಡುವವರು. ಅಲ್ಲಿಯವರೆಲ್ಲ ವರ್ಷಕ್ಕೊಮ್ಮೆ ಯಾವುದಾದರೂ ದ್ವೀಪಕ್ಕೆ ಹೋಗಿ ಕಪ್ಪಗಾಗಿ ಬರುವುದನ್ನು ನೋಡುತ್ತ ಬಂದವರು. ಮೂರು ವಾರ ನಮ್ಮ ಮನೆಯಲ್ಲಿ ಬೇರೆ ಮಾತಿಲ್ಲ. ಗಂಡನಿಗೆ ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮನೆಯೇ ಬೇಕು. ಮಗಳಿಗೆ ಎಲ್ಲಿ ಆಮೆ ಕಾಣುತ್ತದೋ ಅಲ್ಲಿಗೆ. ನಾನು ಮೇಡಂ ಹತ್ತಿರ ಪಳಗಿದವಳು, ಫೋಟೋಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದೆ. ಒಂದು ಹೋಟೆಲಿನವರು 'ಸಮುದ್ರದಿಂದ ಎರಡೇ ನಿಮಿಷ' ಎಂದು ಬರೆದಿದ್ದರು. ನಡೆದೋ ಕಾರಿನಲ್ಲೋ ಎಂದು ಬರೆದಿರಲಿಲ್ಲ. ಇನ್ನೊಂದರ ಪ್ರತಿ ಚಿತ್ರದಲ್ಲೂ ಅದೇ ಒಂದು ತೆಂಗಿನ ಮರ. ಮರ ಒಂದೇ ಇದೆಯೇನೋ ಎಂದು ನನಗೆ ಅನುಮಾನ ಬಂತು. ಆದರೆ ಅಷ್ಟೆಲ್ಲ ಅನುಮಾನಪಟ್ಟವಳಿಗೆ ಪುಸ್ತಕ ಯಾಕೆ ಬಂತು ಎಂಬ ಅನುಮಾನ ಮಾತ್ರ ಬರಲಿಲ್ಲ. ಬರಲು ನೋಡಿದ್ದರೂ ನಾನೇ ಬರಗೊಡಲಿಲ್ಲವೇನೋ, ಈಗ ಹೇಳಲಾರೆ.

ಕೊನೆಗೆ ಮೇಡಂ ಅವರನ್ನೇ ಕೇಳೋಣ ಎನಿಸಿತು. ಸಂಜೆ ಬಸ್ಸಿನಲ್ಲಿ ಅವರ ಪಕ್ಕ ಕೂತು ಪುಸ್ತಕ ಕೊಟ್ಟೆ. "ಇದರಲ್ಲಿ ಯಾವ ಜಾಗ ಒಳ್ಳೇದು ಹೇಳಿ ಮೇಡಂ. ನಿಮ್ಮ ಕಣ್ಣಿಗೆ ಬೀಳದ ಮೋಸ ಇಲ್ಲ."

ಅವರು ಖುಷಿಯಿಂದಲೇ ತೆಗೆದುಕೊಂಡರು. ಕೆಂಪು ದಾರದ ಕನ್ನಡಕ ಏರಿತು. ಕೂಕಟ್‌ಪಲ್ಲಿ ಬರುವ ಹೊತ್ತಿಗೆ ಮೂರು ಹೋಟೆಲುಗಳ ಕಥೆ ಮುಗಿದಿತ್ತು. "ಇಲ್ಲಿ ಕಿಟಕಿ ಪರದೆ ಸರಿಸೇ ಇಲ್ಲ, ಹೊರಗ ಗ್ವಾಡಿ ಇರಬೇಕು. ಇಲ್ಲಿ ಊಟದ ಚಿತ್ರದಾಗ ಬರೇ ಹಣ್ಣು ಅದಾವ, ನೀವು ಕಾಯಿಪಲ್ಯ ತಿನ್ನೋರು ಉಪವಾಸ ಬೀಳ್ತೀರಿ." ನಾನು ನಗುತ್ತಿದ್ದೆ. ಅವರು ಪುಸ್ತಕ ತಿರುವಿ ಹಿಂದಿನ ರಟ್ಟು ನೋಡಿದರು. ಅಲ್ಲಿ ಆ ವ್ಯಾಪಾರಿಯ ಮುದ್ರೆ ಇತ್ತು.

"ಇದನ್ನ ಯಾರು ಕೊಟ್ರು?"

ಲಕ್ಕಿ ಡ್ರಾದ ವಿಷಯ ಹೇಳಿದೆ.

"ಚೀಟಿ ಹಾಕಿದ್ದಿಯೇನು ನೀನು?"

"ಇಲ್ಲ."

"ಹಾಕದ ಚೀಟಿ ಹೆಂಗ ಎತ್ತಿದ್ರು?"

ಅವರು ಪುಸ್ತಕವನ್ನು ನನ್ನ ಮಡಿಲಲ್ಲಿಟ್ಟು ಕಿಟಕಿಯ ಕಡೆ ತಿರುಗಿದರು.

ಮರುದಿನ ನಾನು ಹೋಗುವಷ್ಟರಲ್ಲಿ ನನ್ನ ಮೇಜಿನ ದಾಖಲೆ ಪುಸ್ತಕಗಳು ಅವರ ಮೇಜಿನ ಮೇಲಿದ್ದವು. ಆ ವ್ಯಾಪಾರಿಯ ಪುಡಿಯ ಹಳೆಯ ಮಾದರಿಗಳನ್ನೆಲ್ಲ ಕಪಾಟಿನಿಂದ ಇಳಿಸಿ, ನಾನು ಪರೀಕ್ಷೆ ಮಾಡಿದ್ದನ್ನೇ ಒಂದೊಂದಾಗಿ ಮತ್ತೆ ಮಾಡತೊಡಗಿದ್ದರು. ಯಾರೊಂದಿಗೂ ಏನೂ ಹೇಳಲಿಲ್ಲ. ಆದರೆ ಲ್ಯಾಬಿನಲ್ಲಿ ಎಲ್ಲರೂ ನನ್ನತ್ತ ನೋಡಿ ಮುಖ ತಿರುಗಿಸುತ್ತಿದ್ದರು. ಅಲ್ಲಿಯವರೆಗಿನ ಅಷ್ಟು ವರ್ಷಗಳಲ್ಲಿ ನನಗೆ ಅಂಥ ಅವಮಾನ ಆಗಿರಲಿಲ್ಲ. ಮನೆಗೆ ಬಂದು ಅತ್ತುಬಿಟ್ಟೆ. "ನಿಮ್ಮ ಮೇಡಂ ಜೀವನದಲ್ಲಿ ಎಲ್ಲೂ ಹೋದವರಲ್ಲ. ಬೇರೆಯವರು ಹೋಗ್ತಾರೆ ಅಂದ್ರೆ ಸಹಿಸೋಕಾಗಲ್ಲ," ಎಂದರು ನನ್ನ ಗಂಡ. ಆಗ ನನಗೂ ಅದೇ ಸರಿ ಎನಿಸಿತು. ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗಿ ಕೂರತೊಡಗಿದೆ.

ನಾಲ್ಕನೆಯ ದಿನ ಅವರು ನನ್ನನ್ನು ಕರೆದರು. "ನಿನ್ನ ಕೆಲಸ ಎಲ್ಲಾ ಸರಿ ಐತಿ. ಒಂದು ಅಂಕಿನೂ ತಪ್ಪಿಲ್ಲ."

"ಮತ್ತೆ ಇಷ್ಟು ದಿನ ನನ್ನನ್ನ ಕಳ್ಳಿ ಥರ ನೋಡಿದ್ರಲ್ಲ ಮೇಡಂ."

ಅವರು ಕಪ್ಪು ದಾರದ ಕನ್ನಡಕದಿಂದ ನನ್ನನ್ನೇ ನೋಡುತ್ತ, "ಹಿಂದಿನ ಮಾಲು ಚಲೋ ಐತಿ ಅಂದ್ರ ಈ ಟಿಕೆಟ್ ಹಿಂದಿನದಕ್ಕಲ್ಲ. ಮುಂದ ಬರೋದಕ್ಕ," ಎಂದರು. "ಅವಗ ಹೂಂ ಅನಬ್ಯಾಡ, ಊಹೂಂನೂ ಅನಬ್ಯಾಡ. ಇನ್ನೂ ಆರಸಾಕತ್ತೀವಿ ಅನ್ನು. ಮುಂದಿನ ಲಾರಿ ಬರಲಿ."

ನಾನು ನಂಬಲಿಲ್ಲ. ಆದರೂ ಹಾಗೇ ಹೇಳಿದೆ.

ಹತ್ತು ದಿನಕ್ಕೆ ಲಾರಿ ಬಂತು. ಅವತ್ತು ಬೆಳಗ್ಗೆಯೇ ಏಜೆಂಟಿನ ಫೋನು. ಇವತ್ತು ಸಂಜೆಯೊಳಗೆ ಜಾಗ ಹೇಳಿಬಿಡಿ, ಟಿಕೆಟ್ ಮಾಡಿಸಬೇಕು ಎಂದ. ಮಾತು ಮುಗಿಸುವಾಗ ಸಹಜವೆಂಬಂತೆ ಒಂದು ಮಾತು ಸೇರಿಸಿದ. ಮಳೆಗಾಲ ಅಲ್ಲವೇ, ಈ ಸಲದ ಪುಡಿಯಲ್ಲಿ ತೇವ ಸ್ವಲ್ಪ ಹೆಚ್ಚಿರಬಹುದು. "ಥೋಡಾ ಸಾ ಹೀ ತೋ ಹೈ ಮೇಡಂ, ಸ್ವಲ್ಪವೇ ತಾನೆ. ನೀವು ಅಡ್ಜಸ್ಟ್ ಮಾಡ್ತೀರಿ ಅಂತ ಗೊತ್ತು."

ಆ ಪುಡಿ ಹೋಗುತ್ತಿದ್ದುದು ಮೂರ್ಛೆ ರೋಗದ ಮಾತ್ರೆಗೆ. ತೇವ ಹೆಚ್ಚಾದರೆ ಮಾತ್ರೆ ಅವಧಿಗೆ ಮೊದಲೇ ಬಲ ಕಳೆದುಕೊಳ್ಳುತ್ತದೆ. ನುಂಗಿದವರಿಗೆ ಅದು ಗೊತ್ತಾಗುವುದು ಬಿದ್ದ ಮೇಲೆಯೇ. ಮೊದಲ ಸಲ ಯಂತ್ರ ತೋರಿಸಿದ ಅಂಕಿ ಮಿತಿಗಿಂತ ಚೂರೇ ಚೂರು ಮೇಲಿತ್ತು. ಎರಡನೆಯ ಸಲವೂ ಅಷ್ಟೇ. ದಶಮಾಂಶದ ಕೊನೆಯ ಅಂಕಿ ಕೈಬಿಟ್ಟರೆ ಪಾಸು. ಮೂರನೆಯ ಸಲ ಮಾದರಿ ಇಟ್ಟು ಕಾಯುತ್ತ ಕೂತಾಗ, ಫ್ರಿಜ್ಜಿನ ಬಾಗಿಲ ಮೇಲೆ ಮಗಳು ಅಂಟಿಸಿದ್ದ ಆಮೆಯ ಚಿತ್ರ ಕಣ್ಣೆದುರು ಬಂತು. ನಾನು ದೊಡ್ಡ ಪ್ರಾಮಾಣಿಕಳು, ಕ್ಷಣವೂ ಅಲುಗಲಿಲ್ಲ ಎಂದು ಇಲ್ಲಿ ಬರೆದರೆ ಸುಳ್ಳಾಗುತ್ತದೆ. ಅಲುಗಿದೆ. ಆಮೇಲೆ ಬಂದ ಅಂಕಿಯನ್ನು ಬಂದ ಹಾಗೆಯೇ ಬರೆದು ಮೇಡಂ ಮುಂದಿಟ್ಟೆ. ಅವರು ಓದಿದರು. ಮತ್ತೆ ಮುಖ ನೋಡಲಿಲ್ಲ. 'ತಿರಸ್ಕೃತ' ಎಂದು ಬರೆದು ನನ್ನ ಸಹಿಯ ಕೆಳಗೆ ತಮ್ಮ ಸಹಿ ಹಾಕಿದರು. ಲಾರಿ ವಾಪಸು ಹೋಯಿತು. ಲಕ್ಕಿ ಡ್ರಾದ ಫೋನು ಮತ್ತೆ ಬರಲಿಲ್ಲ.

ಮಗಳು ಎರಡು ದಿನ ಅತ್ತಳು. ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. ತಿಂಗಳ ಮೇಲೆ ಮುಖ್ಯ ಕಚೇರಿಯಿಂದ ವಿಚಾರಣೆಗೆ ಬಂದರು. ನಮ್ಮ ಉಗ್ರಾಣದ ಮುಖ್ಯಸ್ಥ ಅದೇ ವ್ಯಾಪಾರಿಯ ಖರ್ಚಿನಲ್ಲಿ ಆಗಲೇ ಹೆಂಡತಿ ಮಕ್ಕಳೊಂದಿಗೆ ಕಡಲ ತೀರ ನೋಡಿ ಬಂದಿದ್ದ. ಅವನ ಕೆಲಸ ಹೋಯಿತು. ವ್ಯಾಪಾರಿ ಪ್ರವಾಸಕ್ಕೆ ಕಳಿಸಬೇಕೆಂದಿದ್ದವರ ಪಟ್ಟಿ ವಿಚಾರಣೆಯವರ ಕೈಗೆ ಸಿಕ್ಕಿತ್ತು; ಅದರಲ್ಲಿ ಅವನ ಹೆಸರಿನ ಕೆಳಗೇ ನನ್ನ ಹೆಸರು. ನನ್ನನ್ನೂ ಒಳಗೆ ಕರೆದರು. ಅಧಿಕಾರಿ ಒಂದು ಹಾಳೆಯನ್ನು ನನ್ನ ಕಡೆ ತಳ್ಳಿ, "ನಿಮ್ಮನ್ನು ಕೇಳೋದು ಏನೂ ಇಲ್ಲ, ನೀವು ಆಗಲೇ ತಿಳಿಸಿದ್ದೀರಲ್ಲ," ಎಂದರು. ಮೇಡಂ ಅಕ್ಷರ. 'ಈ ಉದ್ಯೋಗಿ ತನಗೆ ಬಂದ ಪ್ರವಾಸದ ಆಮಿಷವನ್ನು ತಾನಾಗಿಯೇ ತಂದು ನನಗೆ ತೋರಿಸಿದ್ದಾರೆ.' ತಾರೀಖು, ನಾನು ಬಸ್ಸಿನಲ್ಲಿ ಪುಸ್ತಕ ಕೊಟ್ಟ ಮರುದಿನದ್ದು. ಅಂದರೆ ನನ್ನ ದಾಖಲೆಗಳನ್ನು ಮೇಜಿನಿಂದ ಎತ್ತಿಕೊಂಡು ಹೋದ ಬೆಳಗ್ಗೆಯೇ ಇದನ್ನೂ ಬರೆದು ಕಳಿಸಿದ್ದರು. ನಾನು ಹಿಂದಿನ ಸೀಟಿನಲ್ಲಿ ಮುಖ ಊದಿಸಿಕೊಂಡು ಕೂತ ಅಷ್ಟೂ ದಿನ ಆ ಹಾಳೆ ನನ್ನನ್ನು ಕಾಯುತ್ತಿತ್ತು.

ಹೊರಗೆ ಬಂದು ಅವರ ಎದುರು ನಿಂತೆ. "ನಾನು ನಿಮಗೆ ಅದನ್ನ ತೋರಿಸಿದ್ದು ಹೋಟೆಲ್ ಆರಿಸೋಕೆ ಮೇಡಂ. ದೂರು ಕೊಡೋಕಲ್ಲ."

"ತಂದು ತೋರಿಸಿದ್ದು ಖರೆ ಹೌದಿಲ್ಲೋ?"

"ಹೌದು."

"ಯಾಕ ತೋರಿಸಿದಿ ಅನ್ನೋದು ನನ್ನ ಮಷೀನಿನಾಗ ಬರಂಗಿಲ್ಲ. ಹೋಗು, ಕೆಲಸ ಮಾಡು."

ಎರಡು ವರ್ಷದ ಮೇಲೆ ನಾವು ನಮ್ಮದೇ ಖರ್ಚಿನಲ್ಲಿ ಹೊರಟೆವು. ಅಷ್ಟರಲ್ಲಿ ಮೇಡಂ ನಿವೃತ್ತರಾಗಿ ಊರಿಗೆ, ತಂಗಿಯ ಮನೆಗೆ ಹೋಗಿದ್ದರು. ಆರು ಹೋಟೆಲುಗಳ ಪಟ್ಟಿ ಮಾಡಿ, ಫೋಟೋಗಳನ್ನು ಅವರ ಮೊಬೈಲಿಗೆ ಕಳಿಸಿ ಫೋನ್ ಮಾಡಿದೆ. ಒಂದು ಭಾನುವಾರ ಪೂರ್ತಿ ಹಿಡಿಯಿತು. ಕೊನೆಗೆ ಅವರು ಆರಿಸಿದ್ದು ಶ್ರೀಲಂಕಾದ ದಕ್ಷಿಣ ತೀರದ, ನೋಡಲು ತೀರ ಸಾಧಾರಣವಾದ ಒಂದು ಮನೆಯನ್ನು. "ಇವರು ಬಚ್ಚಲದ ಫೋಟೋನೂ ಹಾಕ್ಯಾರ. ಬಚ್ಚಲ ತೋರಿಸೋರು ಬ್ಯಾರೆ ಏನೂ ಮುಚ್ಚಿಡಂಗಿಲ್ಲ." ಮನೆ ಚೆನ್ನಾಗಿತ್ತು. ಆಮೆಯೂ ಕಂಡಿತು.

ಎರಡನೆಯ ದಿನ ದಡದಿಂದಲೇ ಅವರಿಗೆ ಫೋನ್ ಮಾಡಿದೆ. ಆ ಹಾಳೆಯ ಬಗ್ಗೆ, ಆ ದಿನಗಳಲ್ಲಿ ನಾನು ಅವರ ಬಗ್ಗೆ ಏನೇನು ಅಂದುಕೊಂಡಿದ್ದೆ ಎಂಬುದರ ಬಗ್ಗೆ ಹೇಳಬೇಕೆಂದುಕೊಂಡೇ ಮಾಡಿದ್ದೆ. ಅವರು ಅವಕಾಶ ಕೊಡಲಿಲ್ಲ. ಊಟ ಹೆಂಗ ಐತಿ, ಬಾಗಿಲಿಗೆ ಒಳಗಿನ ಚಿಲಕ ಐತೇನು, ಹುಡುಗಿನ್ನ ಒಬ್ಬಾಕಿನ್ನ ನೀರಿಗೆ ಬಿಟ್ಟಿಲ್ಲಲ್ಲ ಎಂದು ಕೇಳುತ್ತಲೇ ಹೋದರು. ಕೊನೆಗೆ, "ನೀರು ಬೆಚ್ಚಗ ಇರತೈತಿ ಅಂತಾರಲ್ಲ, ಖರೇನ?" ಎಂದರು. ನಾನು ಮೊಣಕಾಲವರೆಗೆ ಇಳಿದು ನಿಂತು, "ಹೌದು ಮೇಡಂ, ಬೆಚ್ಚಗಿದೆ," ಎಂದೆ. ಆ ಕಡೆಯಿಂದ ಅವರು, "ನೀ ಅಂತಿ ಅಂದ ಮ್ಯಾಲ ಇರತೈತಿ ಬಿಡು," ಎಂದರು.

ಮೂರು ತಿಂಗಳಿಗೆ ಅವರ ತಂಗಿಯ ಫೋನು ಬಂತು. ಮಧ್ಯಾಹ್ನ ಮಲಗಿದವರು ಏಳಲಿಲ್ಲವಂತೆ. ಲಿಂಗಸುಗೂರಿನ ಆ ಮನೆಗೆ ಹೋದಾಗ, ದಡದಲ್ಲಿ ಹೇಳದೆ ಉಳಿದದ್ದನ್ನು ಅವರ ತಂಗಿಗೆ ಹೇಳಿದೆ. ಹಾಳೆಯ ವಿಷಯ, ಹಿಂದಿನ ಸೀಟಿನ ವಿಷಯ, ಎಲ್ಲ. ಆಕೆ ಕೇಳಿಸಿಕೊಂಡು, "ಅಕ್ಕ ನಮ್ಮ ಮುಂದ ಇದನ್ನ ಯಾವತ್ತೂ ಹೇಳಿಲ್ಲವ್ವಾ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ನನಗೆ ಚಹಾ ಮಾಡಲು ಒಳಗೆ ಹೋದರು.