ನಮ್ಮ ಓಣಿಯ ನಳಕ್ಕೆ ಹೊತ್ತು ಗೊತ್ತಾದದ್ದು

ಬೆಟಗೇರಿಯ ನಮ್ಮ ಓಣಿಯಲ್ಲಿ ನೀರಿನ ಜಗಳಕ್ಕೆ ಮುಂದಾಳು ಅಂದರೆ ನಾನೇ. ವಾರಗಟ್ಟಲೆ ನಳ ಬರದಿದ್ದರೆ ಹೆಂಗಸರನ್ನೆಲ್ಲ ಕಟ್ಟಿಕೊಂಡು, ಖಾಲಿ ಕೊಡ ಹಿಡಿದು ನಗರಸಭೆಯ ಮುಂದೆ ಕೂರುತ್ತಿದ್ದೆ. "ನೀರು ಸಾಲಂಗಿಲ್ರಿ" ಎಂದು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೆ. ಅವರು ಒಂದು ಟ್ಯಾಂಕರ್ ಕಳಿಸುತ್ತಿದ್ದರು. ಅಲ್ಲಿಗೆ ಸಮಸ್ಯೆ ಬಗೆಹರಿದ ಲೆಕ್ಕ. ಮುಂದಿನ ಸಲ ಮತ್ತೆ ಅದೇ ಕೊಡ, ಅದೇ ಕೂಗು.

ಹೋದ ವರ್ಷ ಪಕ್ಕದ ಮನೆಗೆ ಮುಂಡರಗಿಯಿಂದ ಒಬ್ಬಳು ಬಾಡಿಗೆಗೆ ಬಂದಳು. ಗಂಡ ಹಣ್ಣಿನ ವ್ಯಾಪಾರಿ. ಇವಳದು ಎಂಥ ಮೆತ್ತನೆಯ ದನಿ ಎಂದರೆ, ಮಕ್ಕಳನ್ನು ಬೈದರೂ ನಮ್ಮ ಮನೆಗೆ ಕೇಳಿಸುತ್ತಿರಲಿಲ್ಲ. ವಾರ್ಡ್ ಸಭೆಗೆ ಅವಳನ್ನು ಕರೆದುಕೊಂಡು ಹೋದವಳೂ ನಾನೇ, ಒಂದು ತಲೆ ಹೆಚ್ಚಾಗಲಿ ಎಂದು.

ನನ್ನ ಗಲಾಟೆ ಮುಗಿದ ಮೇಲೆ ಅವಳು ಎದ್ದು ನಿಂತಳು.

"ಸಾಹೇಬ್ರ, ನಳ ಯಾವ ಹೊತ್ತಿಗೆ ಬರತೈತಿ ಅಂತ ಗೊತ್ತಾಗಂಗಿಲ್ಲ. ಅದಕ್ಕ ನೀರು ಬಿಡೋ ದಿನ ನಮ್ಮ ಓಣಿ ಹುಡುಗ್ಯಾರು ಶಾಲಿ ಬಿಟ್ಟು ನೀರು ತುಂಬಾಕ ಮನ್ಯಾಗ ಉಳೀತಾರ. ಹುಡುಗ್ರು ಹೋಗತಾರ್ರಿ."

ಮೊಬೈಲ್ ನೋಡುತ್ತಿದ್ದ ಅಧಿಕಾರಿ ತಲೆ ಎತ್ತಿದ. ನಾನು ಇಷ್ಟು ವರ್ಷ ಕೂಗಿದರೂ ಎತ್ತದ ತಲೆ ಅದು. ಕೆಲವೇ ದಿನಗಳಲ್ಲಿ ನಳಕ್ಕೆ ಹೊತ್ತು ಗೊತ್ತುಪಡಿಸಿದರು, ಬೆಳಿಗ್ಗೆ ಶಾಲೆ ಶುರುವಾಗುವ ಮೊದಲು. ನೀರೇನೂ ಒಂದು ಕೊಡ ಹೆಚ್ಚಾಗಲಿಲ್ಲ. ಆದರೂ ಓಣಿಗೆ ಓಣಿಯೇ ಅವಳನ್ನು ಹೊಗಳಿತು. ನನಗೆ ಮೈಯೆಲ್ಲ ಉರಿಯಿತು. ಓಣಿಯ ಹುಡುಗಿಯರು ಅಂದರೆ ಯಾರು? ನನ್ನ ಮಗಳೇ ಮೊದಲು. ನನ್ನ ಮನೆಯ ಮಾತು ಎತ್ತಿ ಇವಳು ದೊಡ್ಡವಳಾದಳು.

ತಡೆಯಲಾಗದೆ ಒಂದು ದಿನ ಅವಳ ಮನೆಯ ಕಟ್ಟೆಗೇ ಹೋಗಿ ಕೇಳಿಬಿಟ್ಟೆ. "ನಿನ್ನೆ ಮೊನ್ನೆ ಬಂದೋರು ನೀವು. ಶಾಲಿ ಮಾತು ನಿಮಗ ಹೆಂಗ ಹೊಳೀತು?"

ಮೆಂತ್ಯೆ ಸೊಪ್ಪು ಸೋಸುತ್ತಿದ್ದವಳು ಕೈ ನಿಲ್ಲಿಸಿದಳು.

"ನನಗೆಲ್ಲಿ ಹೊಳೀತೈತ್ರಿ ಅಕ್ಕಾರ. ನಿಮ್ಮ ಮಗಳ ಹೇಳಿದ್ಲು. ನೀರು ತುಂಬಾಕ ಉಳಿದು ಪರೀಕ್ಷಾ ತಪ್ಪಿದ ದಿನ ನಮ್ಮನಿಗೆ ಬಂದು ಭಾಳ ಅತ್ಲು. ಅವ್ವನ ಮುಂದ ಹೇಳಬ್ಯಾಡ್ರಿ ಅಂದಿದ್ಲು."

ಪರೀಕ್ಷೆ ತಪ್ಪಿದ್ದು ನನಗೆ ಗೊತ್ತಿತ್ತು. ಅತ್ತದ್ದು ಗೊತ್ತಿರಲಿಲ್ಲ. ಎದ್ದು ಬಂದೆ.

ಓಣಿಯ ಹೊಗಳಿಕೆ ಅವಳಿಗೇ ಇರಲಿ, ಈಗ ಅದರ ಚಿಂತೆಯಿಲ್ಲ. ನನ್ನ ಮಗಳು ಅವಳ ಮುಂದೆ ಅತ್ತಳಲ್ಲ, ಅದನ್ನು ಮಾತ್ರ ನನಗೆ ಇವತ್ತಿಗೂ ಸಹಿಸಲಾಗುವುದಿಲ್ಲ.