ಪೇಟೆ ಮನೆಯ ಹಲ್ಲಿ

ನೀವು ನಂಬುವುದಿಲ್ಲ, ಬೇಕಾದರೆ ಪಂದ್ಯ ಕಟ್ಟಿ: ಎಪ್ಪತ್ತರ ದಶಕದಲ್ಲಿ ಚನ್ನಗಿರಿ ಪೇಟೆಯ ತೇಗದ ಕಂಬಗಳ ಹಳೇ ಮಹಡಿ ಮನೆಯನ್ನು ಉಳಿಸಿದ್ದು ನನ್ನ ನಾಲಿಗೆ. ಅಲ್ಲಿ ನಾವು ನಾಲ್ಕೈದು ಸಂಸಾರ ಬಾಡಿಗೆಗಿದ್ದೆವು. ಅದನ್ನು ಕೊಂಡು, ಕೆಡವಿ, ಟಾಕೀಸು ಕಟ್ಟಲು ಬಂದ ಸಾಹುಕಾರನಿಗೆ ಪಕ್ಕದ ಕೋಣೆಯ ಗೌರಜ್ಜಿ, "ಈ ಕಂಬ ಕಿತ್ತೋರು ಉದ್ಧಾರ ಆಗಾಕಿಲ್ಲ ರೀ" ಎಂದಳು. ಕಂಬದ ಹಿಂದಿದ್ದ ನಾನು ಥೇಟ್ ಹಲ್ಲಿಯಂತೆ ಲೊಚಗುಟ್ಟಿದೆ.

"ಹಲ್ಲಿನೂ ಸತ್ಯ ಅಂತೈತೆ ನೋಡ್ರಿ!" ಎಂದು ಅಜ್ಜಿ ನೆಲ ತಟ್ಟಿದಳು.

"ಬ್ಯಾಡಪ್ಪೋ ಈ ಮನೆ!" ಎಂದವನೇ ಸಾಹುಕಾರ ಬರಿಗಾಲಲ್ಲಿ ಓಡಿದ.

ಮನೆ ಇಂದಿಗೂ ಗಟ್ಟಿಯಾಗಿದೆ. ಕೆಳಗೆ ಮೊಬೈಲ್ ಅಂಗಡಿ, ಮೇಲೆ ನಮ್ಮ ಮೊಮ್ಮಕ್ಕಳ ಗಲಾಟೆ. ನಾನು ಕಟ್ಟಿ ಹೇಳಿದ್ದು ಒಂದೇ: ಆತ ಬರಿಗಾಲಲ್ಲಿ ಓಡಲಿಲ್ಲ. ಗಾಬರಿಯಲ್ಲಿ ನನ್ನ ಹೊಸ ಚಪ್ಪಲಿ ಮೆಟ್ಟಿಕೊಂಡು ಹೋದ.